ಮನೆಯಲ್ಲೇ ಗೇಮ್ ಪೆಟ್ಟಿಗೆ ಮಾಡಿಸುತ್ತಿದ್ದೇನೆ, ಪ್ಯಾನೆಲ್ ಎಷ್ಟು ಎತ್ತರ ಇಡಬೇಕು?

ಉಣಕಲ್_ದಂಡೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಬಹಳ ವರ್ಷದಿಂದ ತಲೆಯಲ್ಲಿ ಹೊಕ್ಕಿದ್ದ ಹುಳ ಈಗ ಹೊರಗೆ ಬಂದಿದೆ. ದೀಪಾವಳಿಯೊಳಗೆ ಮನೆಯಲ್ಲಿ ಒಂದು ಗೇಮ್ ಪೆಟ್ಟಿಗೆ ನಿಲ್ಲಿಸಬೇಕು. ನಿಂತು ಆಡುವಂಥದ್ದು. ಹ್ಯಾಂಡಲ್, ಬಟನ್ ಎಲ್ಲ ಹಳೇ ಪಾರ್ಲರ್ ಥರ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ದುರ್ಗದ ಬೈಲಿನ ಹಿಂದಿನ ಓಣಿಯೊಂದರಲ್ಲಿ ಇಂಥ ನಾಲ್ಕು ಪೆಟ್ಟಿಗೆ ಇದ್ದವು. ಬಾಗಿಲಿಗೆ ಪರದೆ, ಒಳಗೆ ಕತ್ತಲು, ಮೂಲೆಯಲ್ಲಿ ಒಂದು ಟೇಬಲ್ ಫ್ಯಾನ್. ಒಂದು ರೂಪಾಯಿಗೆ ಒಂದು ಆಟ. ಎಲ್ಲರೂ ಮುಸ್ತಫಾ ಪೆಟ್ಟಿಗೆಯ ಮುಂದೆ. ಆ ಆಟದ ನಿಜವಾದ ಹೆಸರು ಕ್ಯಾಡಿಲ್ಯಾಕ್ಸ್ ಅಂಡ್ ಡೈನೋಸಾರ್ಸ್, ಅದನ್ನು ಕ್ಯಾಪ್‌ಕಾಮ್ 1993ರಲ್ಲಿ ತಂದದ್ದು ಅಂತ ನನಗೆ ಗೊತ್ತಾದದ್ದು ನೌಕರಿಗೆ ಸೇರಿದ ಮೇಲೆ. ನಮ್ಮೂರಲ್ಲಿ ಅದು ಮುಸ್ತಫಾ, ಅಷ್ಟೇ.

ಈಗಿನ ಪರಿಸ್ಥಿತಿ ಹೀಗಿದೆ. ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಮನೆಯ ಬಾಗಿಲು ಮಾಡಿದ ಬಡಿಗೇರ ಕಾಕಾ ಒಪ್ಪಿದ್ದಾರೆ. ನೆಟ್‌ನಲ್ಲಿ ಸಿಕ್ಕ ಅಮೆರಿಕದ ನಕ್ಷೆ ತೋರಿಸಿದೆ. ಎತ್ತರ 70 ಇಂಚು, ಅಗಲ 24, ಬಟನ್ ಇರುವ ಪ್ಯಾನೆಲ್ ನೆಲದಿಂದ 38 ಇಂಚು. ಕಾಕಾ ಕನ್ನಡಕ ಏರಿಸಿ ನೋಡಿ, "ಇದು ಕಪಾಟೋ, ದೇವರ ಮಂಟಪವೋ?" ಅಂತ ಕೇಳಿದರು. ಹೇಳಿದೆ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದರ ಮುಂದೆ ನಿಲ್ಲೋರು ಯಾರು?"

ಅಲ್ಲಿ ಸಿಕ್ಕಿಬಿದ್ದೆ. ನಾನು 5 ಅಡಿ 8 ಇಂಚು. ಮಗಳಿಗೆ 9 ವರ್ಷ, 4 ಅಡಿ 3 ಇಂಚು. ಅವ್ವ ನನಗಿಂತ ಎಷ್ಟೋ ಗಿಡ್ಡ. ಅವ್ವ ಆಡುತ್ತಾಳೋ ಇಲ್ಲವೋ ಆಮೇಲಿನ ಮಾತು. 38 ಇಂಚು ಸರಿನಾ? ಜೊತೆಗೆ, ಪ್ಲೈ ಒಳ್ಳೆಯದೋ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಒಳ್ಳೆಯದೋ? ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ತರಲೋ, ಮನೆಯಲ್ಲಿರುವ ಹಳೇ ಐ3 ಕಂಪ್ಯೂಟರ್ ಸಾಕೋ?


ಪೇಡಾ_ಪ್ಲೇಯರ್, ಧಾರವಾಡ

ಕಂಪ್ಯೂಟರ್ ಮನೆಯಲ್ಲೇ ಇದೆ ಅಂದ ಮೇಲೆ ದುಡ್ಡು ಯಾಕೆ ಹಾಕ್ತೀರಿ ಅಣ್ಣಾ? ಬಟೋಸೆರಾ ಅನ್ನೋ ಹಳೇ ಆಟ ಆಡಿಸುವ ಸಾಫ್ಟ್‌ವೇರನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಬೂಟ್ ಮಾಡಿ. ಹಾರ್ಡ್ ಡಿಸ್ಕ್ ಮುಟ್ಟೋದೇ ಇಲ್ಲ. 80, 90ರ ದಶಕದ ಆಟಗಳಿಗೆ ಐ3 ಜಾಸ್ತಿಯೇ ಆಯಿತು.

ಪೈ ಸಣ್ಣದು, ಸದ್ದಿಲ್ಲ, ಅದೊಂದು ಸುಖ. ಆದರೆ ನನ್ನ ಕಥೆ ಕೇಳಿ. ಮೇ ತಿಂಗಳ ಗಾಳಿಮಳೆಯಲ್ಲಿ ಆಟದ ನಡುವೆ ಕರೆಂಟ್ ಹೋಯಿತು. ಬಂತು. ಮತ್ತೆ ಹೋಯಿತು. ಮೂರನೇ ಸಲ ಬಂದಾಗ ಪೈ ಏಳಲಿಲ್ಲ. ಮೆಮೊರಿ ಕಾರ್ಡ್‌ಗೆ ಏನೋ ಬರೆಯುತ್ತಿರುವಾಗ ಕರೆಂಟ್ ಕಿತ್ತರೆ ಅದರೊಳಗಿನ ಫೈಲುಗಳು ಕೆಡುತ್ತವೆ. ಒಂದು ವಾರ ಕೂತು ಜೋಡಿಸಿದ್ದೆಲ್ಲ ಹೋಯಿತು. ಪೈ ಆಗಲಿ ಪೆನ್‌ಡ್ರೈವ್ ಆಗಲಿ, ಹಳೇ ಯುಪಿಎಸ್ ಒಂದನ್ನು ಪೆಟ್ಟಿಗೆಯ ತಳದಲ್ಲಿ ಇಡಿ. ಎಲ್ಲ ಸೆಟ್ ಆದ ಮೇಲೆ ಅದರದ್ದೊಂದು ಕಾಪಿ ಬೇರೆ ಕಡೆ ತೆಗೆದಿಡಿ. ಪೈ 4 ತಂದರೆ 5.1 ವೋಲ್ಟ್, 3 ಆಂಪಿಯರ್‌ನ ಸರಿಯಾದ ಚಾರ್ಜರೇ ಬೇಕು. ಫೋನ್ ಚಾರ್ಜರ್ ಹಾಕಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತಾ ಇರುತ್ತದೆ.

ಎತ್ತರದ ಬಗ್ಗೆ ಗೊತ್ತಿಲ್ಲ. ನಾನು ಹಾಸ್ಟೆಲ್ ಮಂಚದ ಮೇಲೆ ಕೂತು ಆಡುವವನು.


ಬಡಿಗ್ಯಾರ_ಮಗ, ಹಾವೇರಿ

ನಿಮ್ಮ ಕಾಕಾ ಕೇಳಿದ ಪ್ರಶ್ನೆ ನೂರಕ್ಕೆ ನೂರು ಸರಿ. ನಮ್ಮಪ್ಪನೂ ಅದನ್ನೇ ಕೇಳುತ್ತಿದ್ದರು, ಕಪಾಟಿಗೂ.

ಮೊದಲು ಮರದ ಮಾತು. ಎಂಡಿಎಫ್ ಸಾಫಾಗಿ ಕೊಯ್ಯಬಹುದು, ಬಣ್ಣ ಚೆನ್ನಾಗಿ ಕೂರುತ್ತದೆ, ರೇಟೂ ಕಮ್ಮಿ. ಆದರೆ ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸುತ್ತಾರಲ್ವಾ? ಆ ನೀರು ತಳದ ಅಂಚಿಗೆ ತಾಗುತ್ತದೆ. ಒಂದು ಮಳೆಗಾಲ ಮುಗಿಯೋದರಲ್ಲಿ ತಳ ನೆನೆದ ಬಿಸ್ಕೆಟ್ ಥರ ಉಬ್ಬುತ್ತದೆ. ಎಂಡಿಎಫ್‌ನಲ್ಲೇ ಮಾಡಿದರೂ ತಳಕ್ಕೆ ಎರಡು ಇಂಚಿನ ಕಾಲು ಕೊಡಿ.

ಇನ್ನು ಭಾರ. 8 ಅಡಿ 4 ಅಡಿಯ 18 ಮಿ.ಮೀ. ಎಂಡಿಎಫ್ ಹಾಳೆ ಒಂದು ಸುಮಾರು 40 ಕಿಲೋ. ಪ್ಲೈ ಅದಕ್ಕಿಂತ ಹಗುರ. ನಿಮಗೆ ಎರಡು ಹಾಳೆ ಬೇಕೇ ಬೇಕು. ಪ್ಲೈ ತರೋದಾದರೆ ಹಾಳೆಯ ಮೇಲಿನ ಮುದ್ರೆ ನೋಡಿ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯದು, ಐಎಸ್ 710 ಅಂದರೆ ಮರೀನ್, ನೀರಿಗೆ ತಡೆಯುವಂಥದ್ದು. ಗೇಮ್ ಪೆಟ್ಟಿಗೆಗೆ 303 ಸಾಕು. ಮರೀನ್ ಹಾಕೋಕೆ ಇದೇನು ಅಡಿಗೆಮನೆಯ ಸಿಂಕ್ ಅಲ್ಲ. ಗೆದ್ದಲಿನ ಔಷಧಿ ಮಾತ್ರ ಮರೆಯಬೇಡಿ.

ಇನ್ನೊಂದು. ನಿಮ್ಮ ಮನೆ ಎಷ್ಟನೇ ಮಹಡಿ? ಮೆಟ್ಟಿಲು ತಿರುಗುವ ಜಾಗ ಅಳೆದಿದ್ದೀರಾ?


ಉಣಕಲ್_ದಂಡೆ, ಹುಬ್ಬಳ್ಳಿ

ಮೊದಲನೇ ಮಹಡಿ. ಅಳೆದಿರಲಿಲ್ಲ. ಈಗ ಹೋಗಿ ಅಳೆದು ಬಂದೆ. 70 ಇಂಚಿನ ಪೆಟ್ಟಿಗೆ ಆ ತಿರುವಿನಲ್ಲಿ ತಿರುಗುವುದಿಲ್ಲ. ನೀವು ಕೇಳದಿದ್ದರೆ ಪೆಟ್ಟಿಗೆ ಕೆಳಗೆ ಸ್ಕೂಟಿ ಪಕ್ಕ ನಿಲ್ಲುತ್ತಿತ್ತು.


ಬಡಿಗ್ಯಾರ_ಮಗ, ಹಾವೇರಿ

ಸೊಂಟದ ಹತ್ತಿರ ಎರಡು ಭಾಗ ಮಾಡಿಸಿ. ಕೆಳಗಿನದು ಪೀಠ, ಮೇಲಿನದು ಪರದೆ ಮತ್ತು ಪ್ಯಾನೆಲ್. ಒಳಗಿನಿಂದ ನಾಲ್ಕು ನಟ್ ಬೋಲ್ಟ್. ಮುಂದೆ ಎತ್ತರ ಬದಲಿಸಬೇಕು ಅನ್ನಿಸಿದರೆ ಪೀಠ ಒಂದನ್ನೇ ಬದಲಿಸಿದರೆ ಆಯಿತು.


ಸಪ್ತಾಪುರ_ಅಕ್ಕ, ಧಾರವಾಡ

ಎತ್ತರಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳೋದು ಬೇಡ. ನಿಮ್ಮ ಮನೆಯಲ್ಲಿ ಅಡಿಗೆಕಟ್ಟೆ ಇದೆಯಲ್ಲ? ಅದು ಸಾಮಾನ್ಯವಾಗಿ 32ರಿಂದ 34 ಇಂಚು ಇರುತ್ತದೆ. ಕೀಬೋರ್ಡ್ ಅದರ ಮೇಲೆ ಇಡಿ, ಹಿಂದೆ ಲ್ಯಾಪ್‌ಟಾಪ್ ಇಡಿ, ಅರ್ಧ ಗಂಟೆ ನಿಂತು ಆಡಿ. ಕೀಬೋರ್ಡ್ ಕೆಳಗೆ ಒಂದೊಂದೇ ದಪ್ಪ ಪುಸ್ತಕ ಇಡುತ್ತಾ ಹೋಗಿ. ಹೆಗಲು ಮೇಲೆ ಏರಬಾರದು, ಬೆನ್ನು ಬಾಗಬಾರದು. ಎಲ್ಲಿ ಎರಡೂ ಆಗುವುದಿಲ್ಲವೋ ಅದೇ ನಿಮ್ಮ ಎತ್ತರ. ನಕ್ಷೆ ಬರೆದವರು ಅಮೆರಿಕದವರ ಮೊಣಕೈ ನೋಡಿ ಬರೆದಿರುತ್ತಾರೆ.

ಮನೆಯ ಹೆಂಗಸರಿಗೆ ಬಿಡುವಾದಾಗ ಇದನ್ನು ಮಾಡಿ. ಅಂದರೆ ಅಡಿಗೆ ಮುಗಿದ ಮೇಲೆ.


ಬೆಟಗೇರಿ_ಬಸ್ಯಾ, ಗದಗ

ಏನು ನೆನಪು ಮಾಡಿಬಿಟ್ಟಿರಿ ಮಾರಾಯ್ರೆ. ನಾನು ಪಿಯುಸಿ ರಜೆಯಲ್ಲಿ ಇಂಥದ್ದೇ ಪಾರ್ಲರ್‌ನಲ್ಲಿ ಕೂತಿದ್ದೆ. ಮಾಲೀಕರು ಮಧ್ಯಾಹ್ನ ಊಟಕ್ಕೆ ಹೋದರೆ ಸಂಜೆಗೇ ಬರೋದು. ಚಿಲ್ಲರೆ ತಗೊಳ್ಳೋದು, ಪೆಟ್ಟಿಗೆ ಕೆಟ್ಟರೆ ಬಾಗಿಲು ತೆಗೆದು ನೋಡೋದು, ಎರಡೂ ನಾನೇ.

ನಿಮಗೆ ಒಂದು ಗುಟ್ಟು ಹೇಳುತ್ತೇನೆ. ನಮ್ಮಲ್ಲಿ ನಾಣ್ಯ ಹಾಕುವ ಸಂದಿಯನ್ನು ಬಳಸುತ್ತಲೇ ಇರಲಿಲ್ಲ. ಅದರ ಒಳಗಿನ ಸ್ವಿಚ್‌ಗೆ ಉದ್ದ ವೈರ್ ಎಳೆದು ನನ್ನ ಟೇಬಲ್ ಕೆಳಗೆ ಒಂದು ಬೆಲ್ ಸ್ವಿಚ್ ಹಾಕಿದ್ದರು. ಹುಡುಗ ಒಂದು ರೂಪಾಯಿ ಕೊಟ್ಟರೆ ನಾನು ಒಮ್ಮೆ ಒತ್ತುತ್ತಿದ್ದೆ. ಪೆಟ್ಟಿಗೆಗೆ ಗೊತ್ತಾಗುವುದು ಅಷ್ಟೇ: ಸ್ವಿಚ್ ಒಮ್ಮೆ ಕೂಡಿತು, ಒಂದು ಕ್ರೆಡಿಟ್. ಅದು ನಾಣ್ಯವೋ ನನ್ನ ಬೆರಳೋ, ಅದಕ್ಕೇನು.

ಒಳಗಿನ ಬೋರ್ಡ್ ಬದಲಿಸೋದೂ ಸುಲಭ ಇತ್ತು. 80ರ ದಶಕದ ಮಧ್ಯದಿಂದ ಜಾಮಾ ಅನ್ನೋ ಪದ್ಧತಿ ಬಂತು, 56 ಪಿನ್ನಿನ ಒಂದೇ ಕನೆಕ್ಟರ್. ಪರದೆ, ಸ್ಪೀಕರ್, ಹ್ಯಾಂಡಲ್, ಕರೆಂಟ್ ಎಲ್ಲ ಅದರಲ್ಲೇ. ಹಳೇ ಆಟದ ಬೋರ್ಡ್ ಕಿತ್ತು ಹೊಸ ಆಟದ್ದು ಚುಚ್ಚಿದರೆ ಅದೇ ಪೆಟ್ಟಿಗೆ ಬೇರೆ ಆಟ. ಹೊರಗಿನ ಚಿತ್ರ ಮಾತ್ರ ಹಳೆಯದೇ ಇರುತ್ತಿತ್ತು. ಹೊರಗೆ ರೇಸ್ ಕಾರು, ಒಳಗೆ ಗುದ್ದಾಟ. ಯಾರೂ ತಕರಾರು ಮಾಡಲಿಲ್ಲ.

ಯಾರಾದರೂ "ಹಳೇ ಪಿಕ್ಚರ್ ಟ್ಯೂಬ್ ಟಿವಿ ಹಾಕಿ, ಅದೇ ಅಸಲಿ" ಅನ್ನುತ್ತಾರೆ. ನೋಡೋಕೆ ಅಸಲಿ ಹೌದು. ಆದರೆ ಅದರ ಪ್ಲಾಸ್ಟಿಕ್ ಕವಚ ಬಿಚ್ಚಬೇಡಿ. ಟ್ಯೂಬಿನ ಹಿಂದೆ 20 ಸಾವಿರ ವೋಲ್ಟ್ ಮೀರಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಉಳಿದುಕೊಂಡಿರುತ್ತದೆ. ನನ್ನನ್ನು ಒಮ್ಮೆ ಗೋಡೆಗೆ ಎಸೆದಿದೆ.


ಸುಮ್ನೆ_ಓದೋನು

10 ಸಾವಿರ ಗೇಮ್ ಇರೋ ಪೆನ್‌ಡ್ರೈವ್ ಎಲ್ಲಿ ಸಿಗುತ್ತೆ? ಯಾರಾದರೂ ಕೊಡಿ.


ಪೇಡಾ_ಪ್ಲೇಯರ್, ಧಾರವಾಡ

ಕೊಡೋರು ಬಹಳ ಜನ ಇದ್ದಾರೆ. ಅದು ಕಳ್ಳ ಮಾಲು, ಅಷ್ಟು ಗೊತ್ತಿದ್ದರೆ ಸಾಕು. ಮೇಮ್ ಅನ್ನೋ ಎಮ್ಯುಲೇಟರ್, ಅಂದರೆ ಹಳೇ ಪೆಟ್ಟಿಗೆಯ ಆಟವನ್ನು ಕಂಪ್ಯೂಟರ್‌ನಲ್ಲಿ ಓಡಿಸುವ ಸಾಫ್ಟ್‌ವೇರ್, 1997ರಿಂದ ಇದೆ, ಅದು ಪೂರ್ತಿ ಕಾಯಿದೆಬದ್ಧ. ಆಟದ ರೋಮ್ ಫೈಲ್‌ಗಳಿಗೆ (ಬೋರ್ಡಿನ ಚಿಪ್‌ನಿಂದ ತೆಗೆದ ಆಟದ ಕಾಪಿ) ಮಾತ್ರ ಬೇರೆ ಮಾಲೀಕರಿದ್ದಾರೆ. ಮಾಲೀಕರೇ ಒಪ್ಪಿಗೆ ಕೊಟ್ಟ ಕೆಲವು ಆಟ ಮೇಮ್‌ನವರ ಸೈಟಿನಲ್ಲೇ ಪುಕ್ಕಟೆ ಸಿಗುತ್ತವೆ. ಗ್ರಿಡ್ಲೀ, ರಾಬಿ ರೋಟೋ ಥರದವು. ವೈರಿಂಗ್ ಸರಿ ಇದೆಯೋ ನೋಡೋಕೆ ಅವೇ ಸಾಕು. ಉಳಿದವಕ್ಕೆ ಕಂಪನಿಗಳು ಮಾರುವ ಹಳೇ ಆಟಗಳ ಸಂಗ್ರಹ ಇವೆ, ಅವು ಕಂಪ್ಯೂಟರ್‌ನಲ್ಲಿ ಓಡುತ್ತವೆ.

ದುಃಖದ ವಿಷಯ, ಕ್ಯಾಪ್‌ಕಾಮ್ 2018ರಲ್ಲಿ ತನ್ನ ಹಳೇ ಹೊಡೆದಾಟದ ಏಳು ಆಟ ಒಟ್ಟಿಗೆ ತಂದಾಗ ಮುಸ್ತಫಾ ಅದರಲ್ಲಿ ಇರಲಿಲ್ಲ. ಅದು ಅಮೆರಿಕದ ಕಾಮಿಕ್ಸ್ ಒಂದರ ಮೇಲೆ ಮಾಡಿದ ಆಟ. ಹಾಗಾಗಿ ಹಕ್ಕು ಕ್ಯಾಪ್‌ಕಾಮ್ ಒಬ್ಬರದ್ದೇ ಅಲ್ಲ.


ಉಣಕಲ್_ದಂಡೆ, ಹುಬ್ಬಳ್ಳಿ

ಅಕ್ಕಾರೆ, ಅಡಿಗೆಕಟ್ಟೆಯ ಪ್ರಯೋಗ ಆಯಿತು. ನಮ್ಮ ಕಟ್ಟೆ 33 ಇಂಚು. ಅದರಲ್ಲಿ ನನಗೆ ಹತ್ತೇ ನಿಮಿಷಕ್ಕೆ ಬೆನ್ನು ಹಿಡಿಯಿತು. ಮಗಳ ಹೆಗಲು ಕಿವಿಗೆ ಬಂತು. 38ಕ್ಕೆ ಏರಿಸಿದರೆ ನನಗೆ ಆರಾಮ, ಅವಳಿಗೆ ಗಡಿಯಾರ ನೋಡಿದ ಹಾಗೆ. ಹಿಂದೆ ಮುಂದೆ ಮಾಡಿ 35ಕ್ಕೆ ನಿಂತೆ. ಮಗಳಿಗೆ ಕಾಲಿಟ್ಟು ನಿಲ್ಲೋಕೆ 6 ಇಂಚಿನ ಪೀಠ. ಉಳಿದ ಪ್ಲೈ ತುಂಡಿನಲ್ಲಿ ಕಾಕಾ ಅದನ್ನು ಡ್ರಾಯರ್ ಥರ ಮಾಡುತ್ತಾರಂತೆ, ಬೇಡವಾದಾಗ ಪೆಟ್ಟಿಗೆಯ ತಳಕ್ಕೆ ತಳ್ಳಿಬಿಡೋದು.

ಅಗಲದ್ದೂ ಪರೀಕ್ಷೆ ಮಾಡಿದೆ. ಕಟ್ಟೆಗೆ 24 ಇಂಚಿಗೆ ಎರಡು ಟೇಪ್ ಅಂಟಿಸಿ, ನಾನು ಮತ್ತು ಭಾಮೈದ ಪಕ್ಕಪಕ್ಕ ನಿಂತೆವು. ಭುಜಕ್ಕೆ ಭುಜ ಡಿಕ್ಕಿ. ಪಾರ್ಲರ್‌ನಲ್ಲಿ ಮೂವರು ಹೇಗೆ ನಿಲ್ಲುತ್ತಿದ್ದೆವು ಅಂದರೆ, ಆಗ ನಾವು ಮೂವರೂ ಸೇರಿ ಈಗಿನ ಭಾಮೈದನಷ್ಟು ಇದ್ದೆವು. 27 ಇಂಚು ಮಾಡಿದೆ. ನಾಳೆ ಕಾಕಾ ಕೊಯ್ಯುತ್ತಾರೆ.


ಸಪ್ತಾಪುರ_ಅಕ್ಕ, ಧಾರವಾಡ

ಕೊಯ್ಯೋದಕ್ಕೆ ಮುಂಚೆ ಪ್ಯಾನೆಲ್ ಒಂದನ್ನು ರಟ್ಟಿನಲ್ಲಿ ಮಾಡಿ ನೋಡಿ. ಹ್ಯಾಂಡಲ್ ಮುಂದಿನ ಅಂಚಿಗೆ ತೀರಾ ಹತ್ತಿರ ಬಂದರೆ ಮಣಿಕಟ್ಟು ಗಾಳಿಯಲ್ಲಿ ತೂಗುತ್ತದೆ. ಅಂಗೈ ಊರೋಕೆ ನಾಲ್ಕು ಇಂಚಾದರೂ ಬಿಡಿ.


ಉಣಕಲ್_ದಂಡೆ, ಹುಬ್ಬಳ್ಳಿ

ಎರಡು ವಾರ ಆಯಿತು ಬರೆದು. ಪೆಟ್ಟಿಗೆ ನಿಂತಿದೆ. ಆದರೆ ಒಂದು ಎಡವಟ್ಟು ಆಗಿದೆ, ಅದು ಪೂರ್ತಿ ನಂದೇ ತಪ್ಪು.

ಪ್ಯಾನೆಲ್ಲಿಗೂ ಅದೇ 18 ಮಿ.ಮೀ. ಪ್ಲೈ ಹಾಕಿಸಿದ್ದೆ. ಗಟ್ಟಿ ಇರಲಿ ಅಂತ. ಮೇಲೆ ಕಪ್ಪು ಸನ್‌ಮೈಕಾ. ಕಾಕಾ 30 ಮಿ.ಮೀ. ಹೋಲ್ ಸಾ ಹಾಕಿ 16 ತೂತು ಕೊರೆದರು. ನೋಡುವಂಥ ಕೆಲಸ ಅದು. ಸನ್‌ಮೈಕಾ ಮೇಲೆ ಕಾಗದದ ಟೇಪ್ ಅಂಟಿಸಿದರು, ಕೆಳಗೆ ಒಂದು ಹಳೇ ಹಲಗೆ ಕೊಟ್ಟರು. ಮೊದಲು ನಡುವಿನ ಸಣ್ಣ ಬಿಟ್ ಆಚೆ ತಲುಪುವವರೆಗೆ ಮೇಲಿನಿಂದ ಅರ್ಧ. ಆಮೇಲೆ ತಿರುವಿ ಹಾಕಿ ಕೆಳಗಿನಿಂದ ಉಳಿದರ್ಧ. ಒಂದು ತೂತಿನ ಅಂಚೂ ಚಕ್ಕೆ ಏಳಲಿಲ್ಲ.

ಆಮೇಲೆ ಬಟನ್ ಹಾಕೋಕೆ ಹೋದರೆ ನಿಲ್ಲುತ್ತಿಲ್ಲ. ನಾನು ತರಿಸಿದ್ದು ಒತ್ತಿದರೆ ಟಕ್ ಅಂತ ಕೂರುವ ಥರದ್ದು. ಅದರ ಪಕ್ಕದ ಕಿವಿಗಳು ತೆಳು ತಗಡಿಗೆ ಕಚ್ಚಿಕೊಳ್ಳೋಕೆ ಮಾಡಿದ್ದು. 18 ಮಿ.ಮೀ. ಮರದೊಳಗೆ ಕಚ್ಚೋಕೆ ಏನೂ ಸಿಗುವುದಿಲ್ಲ. ಹ್ಯಾಂಡಲ್ ಇನ್ನೂ ಚಂದ. ಕೆಳಗಿನಿಂದ ಸ್ಕ್ರೂ ಮಾಡಿದ ಮೇಲೆ ಮೇಲೆ ಗುಂಡು ಮಾತ್ರ ಕಾಣಿಸುತ್ತಿದೆ. ಕಂಬಿಯ ಬಹುಭಾಗ ಮರದ ದಪ್ಪದಲ್ಲೇ ಹೋಯಿತು. ಹಿಡಿದರೆ ಬಾಗಿಲ ಚಿಲಕ ಹಿಡಿದ ಹಾಗೆ.

ಕಾಕಾನ ಮುಖ ನೋಡೋಕೆ ಆಗಲಿಲ್ಲ. ಅವರು ಬೀಡಿ ಹಚ್ಚಿ, "ಸಾಮಾನು ಮೊದಲು ತಂದುಕೊಡಬೇಕು ತಮ್ಮಾ, ಆಮೇಲೆ ತೂತು" ಅಂದರು. ಅಷ್ಟೇ ಅಂದದ್ದು.


ಬಡಿಗ್ಯಾರ_ಮಗ, ಹಾವೇರಿ

ಹಲಗೆ ಬಿಸಾಕಬೇಡಿ. ಕೆಳಗಿನ ಮೈಯಲ್ಲಿ ಹ್ಯಾಂಡಲ್‌ನ ತಗಡು ಕೂರುವಷ್ಟು ಜಾಗ ಗುರುತು ಮಾಡಿ, ಉಳಿಯಿಂದ ಅಥವಾ ರೂಟರ್‌ನಿಂದ ತೋಡಿಸಿ. ಮೇಲೆ 7, 8 ಮಿ.ಮೀ. ಉಳಿದರೆ ಸಾಕು. ಹ್ಯಾಂಡಲ್ ಅಷ್ಟು ಮೇಲೆ ಬರುತ್ತದೆ. ಸ್ಕ್ರೂ ಗಿಡ್ಡದ್ದು ಹಾಕಿ, ಇಲ್ಲಾಂದ್ರೆ ಸನ್‌ಮೈಕಾ ತೂತಾಗಿ ತುದಿ ಹೊರಗೆ ಬರುತ್ತದೆ. ಬಟನ್‌ಗೆ ತೋಡೋದು ಬೇಡ. ಕೆಳಗಿನಿಂದ ನಟ್ ತಿರುಗಿಸುವ ಥರದ ಬಟನ್ ಸಿಗುತ್ತದೆ. ದಪ್ಪ ಹಲಗೆಗೆ ಅದೇ ಬೇಕು.


ಬೆಟಗೇರಿ_ಬಸ್ಯಾ, ಗದಗ

ಹ್ಯಾಂಡಲ್ ಬಿಚ್ಚಿದ್ದೀರಿ, ಹಾಗೇ ಅದರ ತಳದ ಪ್ಲಾಸ್ಟಿಕ್ ಚೌಕಟ್ಟು ನೋಡಿಕೊಳ್ಳಿ. ಅದರ ನಡುವಿನ ಕಿಂಡಿ ಚೌಕ ಇದ್ದರೆ ಎಂಟೂ ದಿಕ್ಕಿಗೆ ಹೋಗುತ್ತದೆ. ಗುದ್ದಾಟದ ಆಟಕ್ಕೆ ಬೇಕಾದದ್ದು ಅದು. ಕಾಳು ತಿನ್ನುತ್ತಾ ಭೂತಗಳಿಂದ ತಪ್ಪಿಸಿಕೊಳ್ಳುವ ಪ್ಯಾಕ್‌ಮ್ಯಾನ್ ನಾಲ್ಕೇ ದಿಕ್ಕಿನ ಆಟ. ಎಂಟು ದಿಕ್ಕಿನ ಹ್ಯಾಂಡಲ್‌ನಲ್ಲಿ ಆಡಿದರೆ ಮೂಲೆಗೆ ಹೋದ ಗಳಿಗೆ ಅದು ತಿರುಗುವುದೇ ಇಲ್ಲ, ಭೂತ ಹಿಡಿಯುತ್ತದೆ. ಕೆಲವು ಹ್ಯಾಂಡಲ್‌ಗಳಲ್ಲಿ ಆ ಚೌಕಟ್ಟು ತೆಗೆದು 45 ಡಿಗ್ರಿ ತಿರುಗಿಸಿ ಹಾಕಿದರೆ ನಾಲ್ಕು ದಿಕ್ಕಿನದಾಗುತ್ತದೆ. ಒಬ್ಬ ಆಟಗಾರನ ಹ್ಯಾಂಡಲ್ ಹಾಗೆ ಮಾಡಿಡಿ.


ಪೇಡಾ_ಪ್ಲೇಯರ್, ಧಾರವಾಡ

ಪ್ಯಾಕ್‌ಮ್ಯಾನ್ ಮಾತು ಬಂತು ಅಂತ ಹೇಳುತ್ತೇನೆ. 1980ರ ಆ ಆಟ 256ನೇ ಲೆವೆಲ್‌ನಲ್ಲಿ ಒಡೆದುಹೋಗುತ್ತದೆ. ಲೆವೆಲ್ ಎಣಿಸೋಕೆ ಒಂದೇ ಬೈಟ್ ಇಟ್ಟಿದ್ದಾರೆ, ಅದರಲ್ಲಿ 255ರ ಮೇಲೆ ಹಿಡಿಸುವುದಿಲ್ಲ. ಪರದೆಯ ಬಲಗಡೆ ಅರ್ಧ ಕಸದ ಬುಟ್ಟಿ ಬೋರಲು ಹಾಕಿದ ಹಾಗೆ ಅಕ್ಷರ, ಅಂಕಿ. ಸಾಕಷ್ಟು ಕಾಳೇ ಸಿಗೋದಿಲ್ಲ, ಹಾಗಾಗಿ ದಾಟೋಕೆ ಆಗಲ್ಲ. ನಾನಿನ್ನೂ 9ರಲ್ಲಿದ್ದೇನೆ.


ಉಣಕಲ್_ದಂಡೆ, ಹುಬ್ಬಳ್ಳಿ

ತೋಡಿಸಿದೆ, ಹ್ಯಾಂಡಲ್ ಎದ್ದು ನಿಂತಿತು. ಬಟನ್ ಬೇರೆ ತರಿಸಿದೆ. ಈಗ ಹೊಸ ತಲೆನೋವು.

ವೈರಿಂಗ್ ನಾನೇ ಮಾಡಿದೆ. ಎನ್‌ಕೋಡರ್ ಬೋರ್ಡ್ ಒಂದೇ, ಕೀಬೋರ್ಡ್ ಥರ ಕೆಲಸ ಮಾಡುವಂಥದ್ದು. ಪ್ರತಿ ಬಟನ್‌ನಿಂದ ಒಂದು ವೈರ್ ಬೋರ್ಡಿಗೆ. ಇನ್ನೊಂದು ಕಪ್ಪು ವೈರ್, ಗ್ರೌಂಡಿನದು, ಒಂದು ಬಟನ್‌ನಿಂದ ಮತ್ತೊಂದಕ್ಕೆ ಹಾರುತ್ತಾ ಕೊನೆಯವರೆಗೆ. ಮೊದಲ ಆಟಗಾರನದ್ದು ಎಲ್ಲ ಸರಿ. ಎರಡನೇ ಆಟಗಾರನ ಎರಡು ಬಟನ್ ಕೆಲಸ ಮಾಡುತ್ತವೆ, ಉಳಿದ ನಾಲ್ಕು ಮತ್ತು ಸ್ಟಾರ್ಟ್ ಸತ್ತಿವೆ. ಪ್ಯಾನೆಲ್ ಮೇಲೆ ಗುದ್ದಿದರೆ ಒಂದು ಕ್ಷಣ ಜೀವ ಬರುತ್ತದೆ. ಬೋರ್ಡೇ ಕೆಟ್ಟಿದೆಯಾ? ವಾಪಸ್ ಕಳಿಸಲಾ?


ಸುಮ್ನೆ_ಓದೋನು

ಬೋರ್ಡ್ ಯಾಕೆ, ಹಳೇ ಕೀಬೋರ್ಡ್ ಬಿಚ್ಚಿ ವೈರ್ ಹಚ್ಚಿಬಿಡಿ. ಪುಕ್ಕಟೆ.


ಸಪ್ತಾಪುರ_ಅಕ್ಕ, ಧಾರವಾಡ

ಹಳೇ ಕೀಬೋರ್ಡ್ ಬೇಡ. ಅದರೊಳಗೆ ಕೀಲಿಗಳು ಅಡ್ಡಸಾಲು ಉದ್ದಸಾಲು ಹಂಚಿಕೊಂಡಿರುತ್ತವೆ. ಇಬ್ಬರು ಒಟ್ಟಿಗೆ ನಾಲ್ಕೈದು ಬಟನ್ ಒತ್ತಿದರೆ ಅದಕ್ಕೆ ಗೊಂದಲ ಆಗಿ, ಒಂದನ್ನು ನುಂಗುತ್ತದೆ ಅಥವಾ ಒತ್ತದೇ ಇರುವುದನ್ನು ಒತ್ತಿದೆ ಅನ್ನುತ್ತದೆ. ಒಬ್ಬರೇ ಆಡೋದಾದರೆ ನಡೆಯುತ್ತದೆ.

ಉಣಕಲ್ ಅವರೇ, ಬೋರ್ಡ್ ಕೆಟ್ಟಿಲ್ಲ. ನೀವೇ ಉತ್ತರ ಬರೆದಿದ್ದೀರಿ. ಎರಡು ಸರಿ, ಅಲ್ಲಿಂದ ಮುಂದಿನವೆಲ್ಲ ಸತ್ತಿವೆ, ಗುದ್ದಿದರೆ ಜೀವ. ಕಪ್ಪು ವೈರ್ ಎರಡನೇ ಮತ್ತು ಮೂರನೇ ಬಟನ್ ನಡುವೆ ಎಲ್ಲೋ ಬಿಟ್ಟಿದೆ. ಗ್ರೌಂಡ್ ಅಲ್ಲಿಗೆ ನಿಂತಿತು, ಆಚೆಯವು ಅನಾಥ. ದೀಪಾವಳಿಯ ಸೀರಿಯಲ್ ಸೆಟ್‌ನಲ್ಲಿ ವೈರ್ ಎಲ್ಲಿ ತುಂಡಾಗಿದೆ ಅಂತ ಹುಡುಕುತ್ತೀರಲ್ಲ, ಹಾಗೇ ಹುಡುಕಿ. ಮೂರನೇ ಬಟನ್‌ನ ಥಿಂಬಲ್ (ವೈರ್ ತುದಿಯ ತಗಡಿನ ಕ್ಲಿಪ್) ಹಿಡಿದು ಮೆಲ್ಲಗೆ ಎಳೆದು ನೋಡಿ.


ಉಣಕಲ್_ದಂಡೆ, ಹುಬ್ಬಳ್ಳಿ

ಅಕ್ಕಾರೆ, ಕೈಗೇ ಬಂತು! ಎಳೆಯೋದೂ ಬೇಡವಾಯಿತು, ಮುಟ್ಟಿದರೆ ಸಾಕು. ಆಮೇಲೆ ಒಂದೊಂದೇ ನೋಡಿದರೆ ಹೆಚ್ಚುಕಮ್ಮಿ ಎಲ್ಲವೂ ಸಡಿಲ. ಬಟನ್‌ನ ಕಾಲು 2.8 ಮಿ.ಮೀ. ಅಗಲ. ಅಂಗಡಿಯವರು ಕೊಟ್ಟ, ನಾನು ನೋಡದೆ ತಂದ ಥಿಂಬಲ್ 4.8ರದ್ದು. ಅಪ್ಪನ ಚಪ್ಪಲಿ ಮಗ ಹಾಕಿಕೊಂಡ ಹಾಗೆ.


ಸಪ್ತಾಪುರ_ಅಕ್ಕ, ಧಾರವಾಡ

ಪಕ್ಕಡ್‌ನಿಂದ ಅಮುಕಿ ಬಿಗಿ ಮಾಡೋಕೆ ಹೋಗಬೇಡಿ. ತಿಂಗಳಲ್ಲಿ ಮತ್ತೆ ಸಡಿಲ ಆಗುತ್ತದೆ. 2.8ರದ್ದೇ ತನ್ನಿ. ಮತ್ತೆ ಕಟ್ಟುವಾಗ ಕಪ್ಪು ವೈರ್‌ನ ಬಾಲವನ್ನು ಕೊನೆಯ ಬಟನ್‌ನಲ್ಲಿ ಬಿಡಬೇಡಿ, ವಾಪಸ್ ಬೋರ್ಡಿನ ಗ್ರೌಂಡಿಗೇ ತಂದು ಕೂಡಿಸಿ. ಬಳೆಯ ಹಾಗೆ ಸುತ್ತು ಪೂರ್ತಿ ಆಗಲಿ. ಆಗ ಒಂದು ಕಡೆ ಬಿಟ್ಟರೂ ಇನ್ನೊಂದು ಕಡೆಯಿಂದ ಗ್ರೌಂಡ್ ಸಿಗುತ್ತದೆ.

230 ವೋಲ್ಟ್ ಬರುವ ಎಕ್ಸ್‌ಟೆನ್ಷನ್ ಬೋರ್ಡನ್ನು ಹಿಂದಿನ ಹಲಗೆಗೆ ಸ್ಕ್ರೂ ಮಾಡಿ. ತಳದಲ್ಲಿ ಸುಮ್ನೆ ಬಿಡಬೇಡಿ, ನೆಲ ಒರೆಸುವ ನೀರಿನ ಮಾತು ಮೇಲೆ ಬಂದಿದೆ. ಮೂರು ಪಿನ್ನಿನ ಪ್ಲಗ್ಗೇ ಇರಲಿ. ಹಿಂದೆ, ಮೇಲೆ ಗಾಳಿ ಆಡೋಕೆ ನಾಲ್ಕು ತೂತು. ನಿಮ್ಮ ಹತ್ತಿರ ಹೋಲ್ ಸಾ ಇದ್ದೇ ಇದೆ.


ಉಣಕಲ್_ದಂಡೆ, ಹುಬ್ಬಳ್ಳಿ

ಮಾಡಿದೆ. ಎಲ್ಲ ಥಿಂಬಲ್ ಬದಲಿಸೋಕೆ ಒಂದು ಭಾನುವಾರ ಹೋಯಿತು. ಈಗ ಗುದ್ದಿದರೂ ಅಲುಗುವುದಿಲ್ಲ.

ಪರದೆ ಹಚ್ಚಿದ ಮೇಲೆ ಇನ್ನೊಂದು ಕಂಡಿತು. ಆಫೀಸಿನ ಗುಜರಿಯಿಂದ ತಂದ 19 ಇಂಚಿನ ಮಾನಿಟರ್, ಚೌಕ ಥರದ್ದು, ಹಳೇ ಆಟಗಳ ಆಕಾರಕ್ಕೆ ಬಹಳ ಹತ್ತಿರ. ನನಗೆ ಚೆನ್ನಾಗಿ ಕಾಣುತ್ತದೆ. ಮಗಳು, "ಅಪ್ಪಾ ಎಲ್ಲ ಕಪ್ಪು ಕಪ್ಪು" ಅಂದಳು. ಬಗ್ಗಿ ಅವಳ ಎತ್ತರದಿಂದ ನೋಡಿದೆ. ಹೌದು, ಬಣ್ಣವೇ ಉಲ್ಟಾ.


ಪೇಡಾ_ಪ್ಲೇಯರ್, ಧಾರವಾಡ

ಅದು ಟಿಎನ್ ಅನ್ನೋ ಥರದ ಪರದೆ ಅಣ್ಣಾ. ಹಳೇ ಆಫೀಸ್ ಮಾನಿಟರ್ ಹೆಚ್ಚಿನವು ಅವೇ. ಕೆಳಗಿನಿಂದ ನೋಡಿದರೆ ಕಪ್ಪಾಗುತ್ತವೆ. ಐಪಿಎಸ್ ಅನ್ನೋ ಇನ್ನೊಂದು ಥರದ ಪರದೆ ಆದರೆ ಈ ರಗಳೆ ಇಲ್ಲ. ಸದ್ಯಕ್ಕೆ ಪರದೆ ಹಿಂದಕ್ಕೆ ವಾಲಿರೋದನ್ನು ಕಮ್ಮಿ ಮಾಡಿ ನೋಡಿ. ಮಾನಿಟರನ್ನು ಅಡ್ಡಕ್ಕೆ ಇಡೋದು ಬಿಟ್ಟು ಉದ್ದಕ್ಕೆ ನಿಲ್ಲಿಸುವ ಆಸೆ ಮಾತ್ರ ಬೇಡ. ಆಗ ಆ ದೋಷ ಪಕ್ಕಕ್ಕೆ ಬರುತ್ತದೆ, ಇಬ್ಬರು ನಿಂತರೆ ಒಬ್ಬರಿಗೆ ಒಂದು ಬಣ್ಣ.


ಉಣಕಲ್_ದಂಡೆ, ಹುಬ್ಬಳ್ಳಿ

ವಾಲಿಸಿದ್ದು ಕಮ್ಮಿ ಮಾಡಿದೆ, ಮಗಳ ಪೀಠ ಹಾಕಿದ ಮೇಲೆ ಅವಳ ಕಣ್ಣೂ ಮೇಲೆ ಬಂತು. ಈಗ ಇಬ್ಬರಿಗೂ ಪರವಾಗಿಲ್ಲ. ದುಡ್ಡಾದಾಗ ಐಪಿಎಸ್.


ಕೆರೆ_ಆಚೆಯವ, ಕಲಘಟಗಿ

ಓದುತ್ತಾ ಬಂದೆ, ಪಕ್ಕದ ಹಲಗೆಗೆ ಏನು ಚಿತ್ರ ಅಂತ ಯಾರೂ ಕೇಳಲಿಲ್ಲ. ಡ್ರ್ಯಾಗನ್, ಬೆಂಕಿ ಅಂತ ಸ್ಟಿಕರ್ ಹಚ್ಚಬೇಡಿ ದಯವಿಟ್ಟು. ನಮ್ಮೂರಿನ ತೊಟ್ಟಿಲು ನೋಡಿದ್ದೀರಲ್ಲ? ಕೆಂಪು ಹಳದಿ ಬಣ್ಣ, ಅಂಚಿಗೆ ಬಳ್ಳಿ, ನಡುವೆ ದೇವರ ಕಥೆ. ಒಂದು ಗೇಮ್ ಪೆಟ್ಟಿಗೆಗೆ ಆ ಅಂಚು ಬರೆದರೆ ಹೇಗಿರುತ್ತದೆ ಯೋಚನೆ ಮಾಡಿ.


ಬೆಟಗೇರಿ_ಬಸ್ಯಾ, ಗದಗ

ಹೊರಗೆ ತೊಟ್ಟಿಲು, ಒಳಗೆ ಗುದ್ದಾಟ. ನಮ್ಮ ಪಾರ್ಲರ್ ಪದ್ಧತಿಗೆ ಸರಿಯಾಗಿದೆ.


ಉಣಕಲ್_ದಂಡೆ, ಹುಬ್ಬಳ್ಳಿ

ಅದೇ ಆಯಿತು ಅಂದುಕೊಳ್ಳಿ. ದೇವರ ಕಥೆ ಬೇಡ ಅಂದಳು ಅವ್ವ, ಕಾಲು ತಾಗುತ್ತದೆ ಅಂತ. ಬಳ್ಳಿಯ ಅಂಚು ಮಾತ್ರ. ಇನ್ನೂ ಒಂದು ಪಕ್ಕ ಬರೆಯೋದಿದೆ.

ಬಸ್ಯಾ ಅಣ್ಣಾರೆ, ನಿಮ್ಮ ಬೆಲ್ ಸ್ವಿಚ್ಚಿನ ಗುಟ್ಟು ಬಳಸಿದ್ದೇನೆ. ಮೇಮ್‌ನಲ್ಲಿ 5 ಒತ್ತಿದರೆ ಒಂದು ನಾಣ್ಯ ಬಿದ್ದ ಲೆಕ್ಕ, 1 ಒತ್ತಿದರೆ ಆಟ ಶುರು. ಆ 5ರ ಬಟನ್ ಪ್ಯಾನೆಲ್ ಮೇಲೆ ಇಟ್ಟಿಲ್ಲ. ಪೆಟ್ಟಿಗೆಯ ಹಿಂದಿನಿಂದ ವೈರ್ ಎಳೆದು ಅಡಿಗೆಮನೆ ಬಾಗಿಲ ಪಕ್ಕ ಒಂದು ಬೆಲ್ ಸ್ವಿಚ್ ಹಾಕಿದೆ. ಮಗಳಿಗೆ ಕ್ರೆಡಿಟ್ ಬೇಕಾದರೆ ಅಜ್ಜಿಯ ಹತ್ತಿರ ಹೋಗಬೇಕು. ದಿನಕ್ಕೆ ಐದು. ಮೊದಲ ಎರಡು ದಿನ ಅವ್ವ ಬಹಳ ಬಿಗಿ ಇದ್ದಳು. ಮೂರನೇ ದಿನ ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಮನೆಯಲ್ಲಿ ಮಗಳು ಇಲ್ಲ, ಶಾಲೆಯಲ್ಲಿದ್ದಾಳೆ. ಪೆಟ್ಟಿಗೆಯಿಂದ ವಕ ವಕ ಸದ್ದು. ಅವ್ವ ಆ 6 ಇಂಚಿನ ಪೀಠ ಎಳೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಆ ಕಾಳು ತಿನ್ನೋ ಆಟ" ಆಡುತ್ತಿದ್ದಾಳೆ. ಕ್ರೆಡಿಟ್ 14 ಇತ್ತು.


ಸಪ್ತಾಪುರ_ಅಕ್ಕ, ಧಾರವಾಡ

35 ಇಂಚು ಅವರಿಗೂ ಸರಿ ಆಯಿತಾ?


ಉಣಕಲ್_ದಂಡೆ, ಹುಬ್ಬಳ್ಳಿ

ಪೀಠದ ಮೇಲೆ ನಿಂತರೆ ಸರಿ. ಆದರೆ ಹತ್ತಿ ಇಳಿಯೋದು ಬೇಡ, ಮೊಣಕಾಲು ಅನ್ನುತ್ತಾಳೆ. ಪೀಠಕ್ಕೆ ಒಂದು ಹಿಡಿಕೆ ಮಾಡಿಕೊಡಲು ಕಾಕಾನಿಗೆ ಹೇಳಿದ್ದೇನೆ.


ಸುಮ್ನೆ_ಓದೋನು

ಇಷ್ಟು ದಿನ ಸುಮ್ನೆ ಓದಿದೆ. ಈಗ ಪ್ಲೈ ತಂದಿದ್ದೇನೆ. ನಾನೂ ಹುಬ್ಬಳ್ಳಿಯವನೇ, ಕೇಶ್ವಾಪುರ. ಆ 30 ಮಿ.ಮೀ. ಹೋಲ್ ಸಾ ಎರಡು ದಿನಕ್ಕೆ ಕೊಡ್ತೀರಾ ಅಣ್ಣಾ?


ಉಣಕಲ್_ದಂಡೆ, ಹುಬ್ಬಳ್ಳಿ

ಅದು ಕಾಕಾನದ್ದು. ಕೇಳಿದೆ, ಕೊಡುತ್ತಾರಂತೆ. ಬಟನ್, ಹ್ಯಾಂಡಲ್ ಎರಡನ್ನೂ ಜೊತೆಗೆ ತಗೊಂಡು ಬರಬೇಕಂತೆ, ಇಲ್ಲದಿದ್ದರೆ ಕೊಡಲ್ಲ ಅಂದಿದ್ದಾರೆ.